ಹಿನಕಲ್ ದಾರಿಯ ನಾಲ್ಕನೇ ಪೋಸ್ಟರ್

ಲಾಟೀನು ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ನಡುವೆ ಯಾರೂ ಬಾಯಿ ಹಾಕ್ಬೇಡಿ. ಚಾಮರಾಜಪುರದ ನಮ್ಮ ಎದುರು ಮನೆ ಸಿದ್ದರಾಜುಗೆ ಆದದ್ದು ಇದು. ಐವತ್ತೆಂಟನೇ ಇಸವಿ.

ರಾತ್ರಿ ಹನ್ನೊಂದೂವರೆ. ಸಿದ್ದರಾಜು ಹಿನಕಲ್ ದಾರಿಯ ಬಾವಿ ಕಡೆಗೆ ಒಬ್ಬನೇ ಹೋಗ್ತಿದ್ದ. ಕೈಯಲ್ಲಿ ಮೈದಾ ಅಂಟಿನ ಡಬ್ಬ, ಕಂಕುಳಲ್ಲಿ ಸುತ್ತಿದ ಸಿನಿಮಾ ಪೋಸ್ಟರು. ಡಬ್ಬದ ಹಿಡಿ ಕಿಣ್... ಕಿಣ್... ಅಂತಿತ್ತು. ಬಾಯಲ್ಲಿ ಒಂದೇ ಮಾತು... "ತಪ್ಪಾಯ್ತು ಕಣೋ ಮಹದೇವು."

ಮಹದೇವು ಅವನ ತಮ್ಮ. ಟಾಕೀಸಿನ ಪೋಸ್ಟರ್ ಅಂಟಿಸೋ ಕೆಲಸ. ಅಣ್ಣನಿಗೋ ಪೋಸ್ಟರ್ ಕೂಡಿಡೋ ಹುಚ್ಚು. ಅದೂ ಕೊಲೆ, ದರೋಡೆ ಸಿನಿಮಾದ್ದೇ ಆಗ್ಬೇಕು! ಹಡಗಿನಲ್ಲಿ ಅಡಿಗೆಗಿದ್ದ ಗೆಳೆಯ ಯೇಸುದಾಸ್ ದೇಶದೇಶದಿಂದ ತಂದುಕೊಡ್ತಿದ್ದ. ಒಂದೇ ಚಿತ್ರದ ಮೂರು ದೇಶದ ಪೋಸ್ಟರು ಸಾಲಾಗಿ ತೂಗುಹಾಕಿ, ಊಟ ಬಿಟ್ಟು ಹೋಲಿಸಿ ನೋಡ್ತಿದ್ದ. ಅಮೆರಿಕದ್ರಲ್ಲಿ ಕೊಲೆಗಾರನ ಕೈಲಿ ಪಿಸ್ತೂಲು. ಇಟಲಿಯದ್ರಲ್ಲಿ ಬರೀ ಕಣ್ಣು, ಸುತ್ತ ಕೆಂಪು ಬಣ್ಣ. ಜಪಾನಿನದ್ರಲ್ಲಿ ಟೋಪಿಯ ನೆರಳು ಮಾತ್ರ. ಅದೇ ಚಿತ್ರ ಮೈಸೂರಿಗೂ ಬಂತು ನೋಡಿ... ಬೊಂಬಾಯಲ್ಲಿ ಅಚ್ಚಾದ ನಾಲ್ಕನೇ ಪೋಸ್ಟರು! ಹಿಂದಿನ ರಾತ್ರಿ ತಮ್ಮ ಅದನ್ನ ಬಾವಿ ಪಕ್ಕದ ಗೋಡೆಗೆ ಅಂಟಿಸಿ ಹೋದ. ಅಂಟು ಆರೋ ಮುಂಚೆ ಅಣ್ಣ ಬಂದು ಮೆಲ್ಲಗೆ ಬಿಡಿಸ್ಕೊಂಡ. ಕೇಳಿದ್ರೆ ತಮ್ಮ ಕೊಡ್ತಿರಲಿಲ್ಲ, ಕೆಲಸ ಹೋಗ್ತದೆ ಅಂತ.

ಅದೇ ಹೊತ್ತಿಗೆ ಊರಿನ ಆ ತುದಿ ಉದಯಗಿರಿಯಲ್ಲಿ ಹುಚ್ಚಯ್ಯ ಅನ್ನೋನ ಕೊಲೆ ಆಯ್ತು. ಅವನ ಜೊತೆ ಜಗಳ ಆಡಿದ್ದ ಅಂತ ಮಾರನೇ ದಿನ ಮಹದೇವುನ ಲಾಕಪ್ಪಿಗೆ ಹಾಕಿದ್ರು.

"ಪೋಸ್ಟರು ಕೈಗೆ ಬಂದದ್ದೇ ರಾತ್ರಿ ಒಂಬತ್ತಕ್ಕೆ ಸ್ವಾಮಿ. ಕೊಲೆ ಹೊತ್ನಲ್ಲಿ ಹಿನಕಲ್ ಬಾವಿ ಹತ್ರ ಅದನ್ನ ಅಂಟಿಸ್ತಿದ್ದೆ," ಅಂದ ಮಹದೇವು.

"ನಾಳೆ ಬೆಳಿಗ್ಗೆ ಗೋಡೆ ನೋಡ್ತೀನಿ. ಪೋಸ್ಟರು ಅಲ್ಲಿ ಇಲ್ದಿದ್ರೆ ನಿನಗೆ ಗಲ್ಲೇ," ಅಂದ್ರು ಇನ್ಸ್‌ಪೆಕ್ಟ್ರು.

"ಹೋಗಿ ನಿಜ ಹೇಳ್ಬುಡಿ," ಅಂತ ಮನೇಲಿ ಸಿದ್ದರಾಜು ಹೆಂಡತಿ ವಸಂತಮ್ಮ ಪಿಸುಗುಟ್ಟಿದ್ಲು.

"ಒಡಹುಟ್ಟಿದೋನ ಮಾತು ಯಾರು ನಂಬ್ತಾರೆ ಕಣೇ? ಅದು ಗೋಡೆ ಮೇಲೇ ಇರ್ಬೇಕು."

ಹಂಗೇ ಆ ರಾತ್ರಿ ಸಿದ್ದರಾಜು ಗೋಡೆ ಹತ್ರ ಬಂದ. ಬಾವಿ ರಾಟೆ ತಂತಾನೇ ಕಿರ್ರ್... ಅಂತು. ಗಾಳಿ ಇರಲಿಲ್ಲ. ಒಂದು ಸಲ ಬಿಡಿಸಿದ ಕಾಗದ, ಅಂಟು ಬಳಿದ್ರೆ ಪರ್... ಅಂತ ಹರೀತಿತ್ತು. ಈ ಮೂಲೆ ಕೂರಿಸಿದ್ರೆ ಆ ಮೂಲೆ ಕಳಚ್ಕೊಳ್ತು. ಎರಡು ಸಲ, ಮೂರು ಸಲ... ಸಿದ್ದರಾಜು ಹಣೆ ಗೋಡೆಗೆ ಚಚ್ಕೊಂಡು ಅತ್ತ. "ಅಯ್ಯೋ, ಕೈಯಾರೆ ತಮ್ಮನ್ನ ಕೊಂದ್ಬುಟ್ನಲ್ಲಪ್ಪಾ!"

"ಅಣ್ಣಾ... ಇತ್ಲಾಗೆ ಕೊಡು."

ಮಹದೇವು ದನಿ! ಸಿದ್ದರಾಜುಗೆ ಹೋದ ಜೀವ ಬಂದಂಗಾಯ್ತು.

"ಬುಟ್ಬುಟ್ರೇನೋ?"

"ಮಾತಾಡ್ಬೇಡಣ್ಣ... ಅಂಟು ಆರ್ತದೆ."

"ಕಿತ್ತೋನು ನಾನೇ ಕಣೋ..."

"ಗೊತ್ತು."

ಪೋಸ್ಟರು ಅವನ ಕೈಯಿಂದ ಜಾರಿ ಕತ್ತಲಿಗೆ ಹೋಯ್ತು. ಸರಕ್... ಸರಕ್... ಬ್ರಷ್ಷಿನ ಸದ್ದು. ಆಮೇಲೆ ಅಂಗೈಯಲ್ಲಿ ತಟ್ಟೋ ಸದ್ದು, ಪಟ್... ಪಟ್... ಆಮೇಲೆ ಏನೂ ಇಲ್ಲ.

"ಮಹದೇವು?"

ಯಾರೂ ಇರಲಿಲ್ಲ.

ಬೆಳಿಗ್ಗೆ ಇನ್ಸ್‌ಪೆಕ್ಟ್ರು ಬಂದು ಗೋಡೆ ನೋಡಿದ್ರು. ಟೋಪಿ ತೆಗೆದ್ರು.

"ನಿಮ್ಮ ತಮ್ಮ ಹೇಳಿದ್ದು ನಿಜ ಕಣ್ರೀ. ಆದ್ರೆ... ನಿನ್ನೆ ರಾತ್ರಿ ಹತ್ತು ಗಂಟೆಗೇ ಲಾಕಪ್ಪಲ್ಲಿ ಎದೆ ಹಿಡ್ಕೊಂಡು ಬಿದ್ದ. ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗ್ಬುಟ್ಟ."

ಸುಳ್ಳು ಹೇಳಿ ನನಗೇನಾಗ್ಬೇಕು? ಆವತ್ತು ಸಿದ್ದರಾಜು ಕುಸಿದು ಬೀಳದಂಗೆ ಹಿಡ್ಕೊಂಡಿದ್ದೋನು ನಾನು. ಈ ಕಣ್ಣಾರೆ ನೋಡಿದ್ದೀನಿ. ಪೋಸ್ಟರಿನಲ್ಲಿ ಒಂದು ಹರುಕಿಲ್ಲ, ಒಂದು ಸುಕ್ಕಿಲ್ಲ. ಇದ್ದದ್ದು ಎರಡಾಳೆತ್ತರದಲ್ಲಿ. ಸಿದ್ದರಾಜು ಆ ರಾತ್ರಿ ಏಣಿ ತಗೊಂಡು ಹೋಗಿರಲೇ ಇಲ್ಲ.