ಕೆಂದಿ ತಲೆ ಕೊಡವಿದ್ದು

ಅಧ್ಯಕ್ಷ ಸ್ಥಾನದಲ್ಲಿರುವ ಹೆಡ್‌ಮಾಸ್ತರರೇ, ವರ್ಗವಾಗಿ ಹೊರಟಿರುವ ನಮ್ಮ ದನದ ಡಾಕ್ಟರ್ ಮುದ್ದಯ್ಯನವರೇ, ಅವರ ಜಾಗಕ್ಕೆ ಬಂದಿರುವ ಹೊಸ ಡಾಕ್ಟರೇ, ಮುಂದಿನ ಸಾಲಿನಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನಮ್ಮ ತಾಯಿ ಕೆಂಪಾಜಮ್ಮನವರೇ, ಹಾಗೂ ಊಟ ಎಷ್ಟು ಹೊತ್ತಿಗೆ ಎಂದು ಕೇಳಲು ಸಂಕೋಚಪಡುತ್ತಿರುವ ಸಭಿಕರೇ,

ಪಂಚಾಯಿತಿ ಛೇರ್ಮನ್ ಎಂಬ ಕಾರಣಕ್ಕೆ ನನಗೆ 'ವಿಜ್ಞಾನ ಮತ್ತು ಗ್ರಾಮ' ಎಂಬ ವಿಷಯ ಕೊಟ್ಟಿದ್ದಾರೆ. ಬೇಗ ಮುಗಿಸುತ್ತೇನೆ, ಏಕೆಂದರೆ ಕೊನೆಯಲ್ಲಿ ನಿಮಗೆಲ್ಲ ಒಂದು ಸಂತೋಷದ ಆಮಂತ್ರಣವಿದೆ.

ವಿಜ್ಞಾನ ಎಂದರೇನು? ಅದು ಎಲ್ಲಿಂದ ಬರುತ್ತದೆ? ನಮ್ಮ ಭೇರ್ಯದ ಕಡೆಗೆ ಅದು ಮೈಸೂರಿನ ಬಸ್ಸಿನಲ್ಲಿ ಬಂತು. ಸೀಮೆ ಹೋರಿಯ ಬೀಜ ಫ್ಲಾಸ್ಕಿನೊಳಗೆ ತಣ್ಣಗೆ ಕೂತು, ಡಾಕ್ಟರ ತೊಡೆಯ ಮೇಲೆ ಪ್ರಯಾಣ ಮಾಡಿತು. ಪಕ್ಕದಲ್ಲಿದ್ದ ನಮ್ಮ ಸೊಸೈಟಿ ಕಾರ್ಯದರ್ಶಿಗಳು ಕಾಫಿ ಎಂದು ತಿಳಿದು, "ನಂಗೂ ಒಂದೀಟು ಬಗ್ಸಿ ಸಾ" ಎಂದು ಲೋಟ ಚಾಚಿದರಂತೆ. ಅವರು ಈ ಸಭೆಯಲ್ಲಿಯೇ ಇರುವುದರಿಂದ ಹೆಸರು ಹೇಳುವುದಿಲ್ಲ.

ಆಗ ಅರಳಿಕಟ್ಟೆಯಲ್ಲಿ ನಡೆದ ವಾದ ನಿಮಗೆ ನೆನಪಿರಬಹುದು. ಹೋರಿಯ ಮುಖವನ್ನೇ ಕಾಣದ ಹಸುವಿಗೆ ಕರು ಹುಟ್ಟುವುದು ಧರ್ಮವೇ? ಆ ಹಾಲು ದೇವರ ಅಭಿಷೇಕಕ್ಕೆ ಸಲ್ಲುತ್ತದೆಯೇ? ದೇವರ ಹೆಸರಿನಲ್ಲಿ ಬಿಟ್ಟ ನಮ್ಮೂರ ಬಸವ ಇನ್ನು ಮುಂದೆ ಯಾವ ಕೆಲಸ ಮಾಡಿಕೊಂಡಿರಬೇಕು? ಬಸವನ ಪರವಾಗಿ ಗಂಟಲು ಹರಿಯುವಂತೆ ಮಾತಾಡಿದವರೆಲ್ಲ, ಅದು ಇನ್ನೂ ಯಾರ ಹುರುಳಿ ಹೊಲಕ್ಕೆ ನುಗ್ಗಿರಲಿಲ್ಲವೋ ಅವರು. ನಾನು ವಿಜ್ಞಾನದ ಪರ ನಿಂತೆ. ಛೇರ್ಮನ್ ಆದವನು ಇನ್ನೆಲ್ಲಿ ನಿಲ್ಲಬೇಕು?

ಅಷ್ಟರಲ್ಲಿ ನಮ್ಮ ತಾಯಿ ಎದ್ದು ನಿಂತರು. "ಅದೆಲ್ಲಾ ಇರ್ಲಿ ಕಣಪ್ಪ ಡಾಕ್ಟ್ರೇ. ಬ್ಯಾಡ ಅನ್ಸುದ್ರೆ ಹಸ ಹೋರೀನ ಒದ್ದು ಓಡೋಯ್ತದೆ. ನೀವು ಕಂಬಕ್ಕೆ ಕಟ್ಟಾಕಿ ಮಾಡ್ತೀರಿ. ಹಸೀನ ಒಂದ್ ಮಾತು ಕೇಳಿದ್ರಾ?" ಎಂದರು.

ಎಲ್ಲರೂ ನಕ್ಕರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ. "ಇಲ್ಲ ಅಜ್ಜಿ, ಕೇಳಿಲ್ಲ. ಕಾಲೇಜಿನಲ್ಲಿ ನಮಗೆ ಅದನ್ನ ಹೇಳಿಕೊಡಲಿಲ್ಲ" ಎಂದರು.

ಹೊಸ ಡಾಕ್ಟರೇ, ಇದು ನಿಮ್ಮ ಪುಸ್ತಕದಲ್ಲಿ ಇರಲಾರದು, ಆದರೆ ನಮ್ಮ ದನದ ಆಸ್ಪತ್ರೆಯ ಪದ್ಧತಿ ಮರುದಿನದಿಂದಲೇ ಬದಲಾಯಿತು. ಮುದ್ದಯ್ಯನವರು ಮೊದಲು ಹಸುವಿನ ಕಟ್ಟು ಬಿಚ್ಚಿಸುತ್ತಾರೆ. ಮುಂದೆ ನಿಂತು ಕೊರಳಡಿಯ ಗಂಗೆದೊಗಲು ಸವರಿ, "ಆಗ್ಬಹುದೇನವ್ವಾ?" ಎಂದು ಕೇಳುತ್ತಾರೆ. ಸುಮ್ಮನೆ ನಿಂತರೆ ಸೂಜಿ. ತಲೆ ಕೊಡವಿ ಹಿಂದೆ ಸರಿದರೆ ಆ ದಿನ ಮನೆಗೆ ವಾಪಸು. ಊರು ಇದನ್ನು ಒಪ್ಪಿತು, ದೇವಸ್ಥಾನದ ಪೂಜಾರಿಗಳೂ ಒಪ್ಪಿದರು.

ಒಪ್ಪದೆ ಉಳಿದದ್ದು ನಮ್ಮ ಮನೆಯ ಕೆಂದಿ ಒಂದೇ. ಅದನ್ನು ಹೊಡೆದುಕೊಂಡು ಹೋದಾಗಲೆಲ್ಲ ಡಾಕ್ಟರು ಕೇಳುವುದು, ಅದು ತಾನು ಛೇರ್ಮನ್ನರ ಹಸು ಎಂಬ ಜ್ಞಾನವೂ ಇಲ್ಲದೆ ಸಾರ್ವಜನಿಕರ ಎದುರಿಗೆ ತಲೆ ಕೊಡವುವುದು. "ಅದು ನೊಣಕ್ಕೆ ಸಾರ್" ಎಂದೆ. "ಇರಬಹುದು. ನೊಣ ಇಲ್ಲದಾಗ ಕರ್ಕೊಂಡು ಬನ್ನಿ" ಎಂದರು. ಬೇವಿನ ಸೊಪ್ಪಿನ ಹೊಗೆ ಹಾಕಿಸಿ, ಒಂದು ನೊಣವೂ ಸುಳಿಯದಂತೆ ಮಾಡಿ ಕರೆದುಕೊಂಡು ಹೋದೆ. ಆಗಲೂ ಕೊಡವಿತು. ನನಗೆ ಮೈಯೆಲ್ಲ ಉರಿಯಿತು.

ನನಗೆ ಯಾಕಿಷ್ಟು ಆತುರ ಎಂದು ನೀವು ಕೇಳಬಹುದು. ನನ್ನ ಮಗಳು ಸುನಂದಳನ್ನು ನೋಡಲು ಬೆಟ್ಟದಪುರದಿಂದ ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆತನದವರು ಬರುವವರಿದ್ದರು. ಅಂಗಳದಲ್ಲಿ ಒಂದು ಸೀಮೆ ಕರು ಕಟ್ಟಿದ್ದರೆ ಮನೆಗೆ ಒಂದು ತೂಕವಲ್ಲವೇ? ಕರು ಇರಲಿಲ್ಲ. ಆದರೂ ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. "ಹುಡುಗಿಗೆ ಒಪ್ಪಿಗೆಯೋ?" ಎಂದರು. ಸುನಂದ ತಲೆ ಎತ್ತುವುದರೊಳಗೆ "ಒಪ್ಪಿಗೆ" ಎಂದು ನಾನೇ ಹೇಳಿದೆ. ಪಂಚಾಯಿತಿಯಲ್ಲಿ ಗೊತ್ತುವಳಿಗಳನ್ನು ಅವಿರೋಧವಾಗಿ ಪಾಸು ಮಾಡಿಸಿ ಅಭ್ಯಾಸವಾದ ನಾಲಿಗೆ.

ಆದ್ದರಿಂದ ಸಭಿಕರೇ, ಮುಂದಿನ ತಿಂಗಳು ಸುನಂದಳ ಮದುವೆ. ತಾವೆಲ್ಲರೂ ಕುಟುಂಬ ಸಮೇತ...

ನಮ್ಮ ತಾಯಿ ಎದ್ದು ನಿಂತಿದ್ದಾರೆ. ಅವರು ಎದ್ದು ನಿಂತರೆ ಏನಾಗುತ್ತದೆ ಎಂದು ನಿಮಗೂ ಗೊತ್ತು.

ಬೆಳಿಗ್ಗೆ ನಾನು ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಹೇಳಿದರು: "ಹಸೀನ ಕೇಳೋ ಡಾಕ್ಟ್ರನ್ನ ಹೊಗಳಾಕೆ ಓಯ್ತಾ ಇದ್ದೀಯ. ಮಗೀನ ಕೇಳಿದ್ಯೇನ್ಲಾ ಮಾದೇವ?" ಸಭೆಗೆ ಹೊತ್ತಾಯಿತು ಎಂದು ಹೇಳಿ ಬಂದುಬಿಟ್ಟೆ. ಮುದ್ದಯ್ಯನವರೇ, ಇದು ನೀವು ನಗಬೇಕಾದ ಜಾಗ. ನೀವು ನಗುತ್ತಿಲ್ಲ.

ಆಗಲಿ. ವಿಜ್ಞಾನದ ಪರ ನಿಂತವನು ನಾನು. ಸುನಂದಾ, ಕಿಟಕಿಯ ಪಕ್ಕ ಕೂತಿದ್ದೀಯಲ್ಲ, ಇತ್ತ ನೋಡು. ಹೆದರಬೇಡ, ನನಗೇ ಹೆದರಿಕೆಯಾಗುತ್ತಿದೆ. ಬೆಟ್ಟದಪುರದ ಸಂಬಂಧ, ಆಗ್ಬಹುದೇನವ್ವಾ?

ತಲೆ ಕೊಡವುತ್ತಿದ್ದಾಳೆ.

ಸಭಿಕರೇ, ನೀವೂ ನೋಡಿದಿರಿ. ಸಮಾರಂಭ ಚೆನ್ನಾಗಿ ನಡೆಯಲೆಂದು ಈ ಹಜಾರಕ್ಕೆ ಬೆಳಿಗ್ಗೆಯಿಂದ ಬೇವಿನ ಹೊಗೆ ಹಾಕಿಸಿದವನು ನಾನೇ. ಇಲ್ಲಿ ಒಂದು ನೊಣವೂ ಇಲ್ಲ.

ಆಮಂತ್ರಣವನ್ನು ಹಿಂದಕ್ಕೆ ಪಡೆದಿದ್ದೇನೆ. ಬೆಟ್ಟದಪುರಕ್ಕೆ ನಾಳೆ ನಾನೇ ಹೋಗಿ ಹೇಳುತ್ತೇನೆ, ಬೈದರೆ ಬೈಸಿಕೊಂಡು ಬರುತ್ತೇನೆ. ಇವತ್ತಿನ ಊಟ ಮಾತ್ರ ರದ್ದಾಗಿಲ್ಲ. ಹೊಸ ಡಾಕ್ಟರೇ, ಕೆಂದಿ ನಿಮ್ಮ ಹತ್ತಿರವೂ ಬರುತ್ತದೆ, ದಯವಿಟ್ಟು ಕೇಳಿ. ಮುದ್ದಯ್ಯನವರೇ, ಹೋದ ಊರಿನಲ್ಲಿಯೂ ಕೇಳುತ್ತಿರಿ. ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು.

ಅವ್ವಾ, ಕೇಳಿದೆ. ಇನ್ನು ಕೂತ್ಕೊ.

ನಮಸ್ಕಾರ.