ವಿಸಿಲ್ ಊದಿರಲಿಲ್ಲ

ನಗು, ನಗು. ಜರ್ಸಿ ಹಿಂಡ್ತಾ ಹಿಂಡ್ತಾ ನಗು. ನಿನ್ನೆ ಫೈನಲ್‌ನಲ್ಲಿ ಗೋಲು ತಿಂದವನು ನೀನು ಆರುಮುಗಂ, ಇವತ್ತು ನಿನ್ನ ಬಾಗಿಲಿಗೆ ಬಂದು ಬೇಡಿಕೊಳ್ತಿರೋನು ನಾನು. ಬೇಡಿಕೊಳ್ತಿಲ್ಲ, ಮಾತಿಗಂದೆ. ನ್ಯಾಯ ಕೇಳ್ತಿದ್ದೀನಿ.

ಐದು ಗಂಟೆಗೆ ಕಮಿಟಿ ಕೂರುತ್ತೆ. ನನ್ನ ಹೇಳಿಕೆ ಆಗಲೇ ಕೊಟ್ಟಾಯ್ತು. ಇನ್ನು ಕೇಳೋದು ನಿನ್ನೊಬ್ಬನನ್ನೇ, ಅದೂ ಒಂದೇ ಮಾತು: "ಕೋದಂಡಪ್ಪ ಗೊತ್ತಿದ್ದೂ ಹೊಡೆದನಾ?" ನೀನು ಇಲ್ಲ ಅಂದರೆ ಗೋಲು ನಿಲ್ಲುತ್ತೆ, ಕಪ್ ನಮ್ಮ ಬಂಗಾರಪೇಟೆಗೆ. ಹೌದು ಅಂದರೆ ಮ್ಯಾಚು ಮತ್ತೆ ಆಡ್ತಾರೆ, ನನ್ನನ್ನ ಬಿಟ್ಟು. ಎರಡು ವರ್ಷ ಮೈದಾನಕ್ಕೆ ಕಾಲಿಡೋ ಹಾಗಿಲ್ಲ. ಈ ವಯಸ್ಸಿಗೆ ಎರಡು ವರ್ಷ ಅಂದರೆ ಮುಗೀತು ಅಂತಲೇ.

ನಿನ್ನ ಹೆಂಡತಿ ಲೋಟ ಕುಕ್ಕಿದ್ದು ನೋಡಿದೆಯಾ? ಪಾಪಕ್ಕನ ಟೀ ನನಗೇನು ಹೊಸದಲ್ಲ. ಲೋಟಕ್ಕೆ ಇಷ್ಟು ಸದ್ದಿದೆ ಅಂತ ಗೊತ್ತಿರಲಿಲ್ಲ.

ನಾನು ಮಾಡಿದ್ದಾದರೂ ಏನು? ಗಣಿಯೊಳಗೆ ಎಲ್ಲೋ ಬಂಡೆ ಸಿಡಿದು ನೆಲ ಅಲುಗಿತಂತೆ. ಅಲುಗಿತಂತೆ. ನನಗೆ ಗೊತ್ತಾಗಲಿಲ್ಲ. ನಿಮ್ಮ ಕೋರಮಂಡಲ್ ಗಣಿ ಟೀಮಿನವರು ಹನ್ನೊಂದು ಜನವೂ ನೆಟ್ಟ ಕಂಬ ಆಗಿಬಿಟ್ಟರು. ನಿಮ್ಮನ್ನ ನೋಡಿ ನಮ್ಮವರೂ ನಿಂತರು. ಚೆಂಡು ನನ್ನ ಕಾಲಲ್ಲಿತ್ತು. ಹೊಡೆದೆ. ಒಳಗೆ ಹೋಯ್ತು. ವಿಸಿಲ್ ಊದಿರಲಿಲ್ಲ. ಊದೋಕೆ ರೆಫರಿಗೆ ಉಸಿರಿದ್ದರೆ ತಾನೇ? ಬೆಂಗಳೂರಿನವನು, ಅಲುಗಿದ ಗಳಿಗೆಯಲ್ಲೇ ಬೆದರಿ, ವಿಸಿಲ್ ಕಚ್ಚಿಕೊಂಡು...

ಯಾರೋ ಹೇಳಿದರು. ಆಮೇಲೆ ಹೇಳಿದರು. ಯಾಕೆ ಹುಬ್ಬೇರಿಸ್ತೀಯಾ?

ಗೊತ್ತು, ಇಲ್ಲಿಯ ಪದ್ಧತಿ. ನೆಲ ಅಲುಗಿದರೆ ಚೆಂಡಿದ್ದವನು ಚೆಂಡಿನ ಮೇಲೆ ಕಾಲಿಟ್ಟು ನಿಲ್ಲಬೇಕು. ಸೈರನ್ ಕೂಗದಿದ್ದರೆ ಮತ್ತೆ ಆಟ. ಕೂಗಿದರೆ ಚೆಂಡು ಬಿಟ್ಟು ಗಣಿಗೆ ಇಳಿಯೋ ಶಾಫ್ಟಿನ ಕಡೆ ಓಟ. ಕೆಳಗೆ ಯಾರದೋ ಅಪ್ಪ ಇರ್ತಾನೆ, ಯಾರದೋ ತಮ್ಮ ಇರ್ತಾನೆ. ಒಳ್ಳೇ ಪದ್ಧತಿ. ಎಲ್ಲಿ ಬರೆದಿದೆ, ತೋರಿಸು. ದೊರೆಗಳು ಆಟ ಕಲಿಸಿದರು, ರೂಲ್ ಪುಸ್ತಕ ಬಿಟ್ಟು ಹಡಗು ಹತ್ತಿದರು. ನಾನು ಅದನ್ನ ಬಿ.ಎ.ಗೆ ಓದಿದ್ದಕ್ಕಿಂತ ಚೆನ್ನಾಗಿ ಓದಿದ್ದೀನಿ. ಅದರಲ್ಲಿ ವಿಸಿಲ್ ಇದೆ. ನೆಲ ಇಲ್ಲ.

ನೀವು ಬರಿಗಾಲಲ್ಲಿ ಆಡೋರು. ನನ್ನದು ಬೂಟು. ದಪ್ಪ ಚರ್ಮದ ಬೂಟು ಹಾಕ್ಕೊಂಡು ಓಡೋನಿಗೆ ನೆಲದ ಸುದ್ದಿ ಹೇಗೆ ಮುಟ್ಟಬೇಕು? ನಮ್ಮ ಬಂಗಾರಪೇಟೆಯಲ್ಲಿ ನೆಲ ಅಲುಗಿದರೆ ಮದ್ರಾಸ್ ಮೇಲ್ ರೈಲು ಬಂತು ಅಂತ ಅರ್ಥ.

ಆ ಕಡೆ ಯಾಕೆ ನೋಡ್ತೀಯಾ?

ಸರಿ. ನಾನು ಹುಟ್ಟಿದ್ದೂ ಇದೇ ಕೂಲಿ ಲೈನಿನಲ್ಲಿ, ಆ ಮೂರನೇ ಮನೇಲಿ. ನನ್ನ ಅಪ್ಪನ್ನ ಗಣಿಯಿಂದ ತಂದು ಮಲಗಿಸಿದ್ದೂ ಅದೇ ಬಾಗಿಲ ಮುಂದೆ. ನೀನು ಆ ಮಾತು ಎತ್ತಲಿಲ್ಲ, ಸುಮ್ಮನೆ ನೋಡಿದೆ. ನೋಡೋದೂ ಬೇಡ. ನಾನು ಇಲ್ಲಿಂದ ಹೋಗಿ ಎಷ್ಟೋ ವರ್ಷ ಆಯ್ತು. ಅಂಗಾಲಿಗೂ ಮರೆವು ಬರುತ್ತೆ.

ಹೋಗಲಿ, ನಿನ್ನ ತಮ್ಮ ಮುನಿಶಾಮಿ ನಿನ್ನೆ ಆ ಪಾಳಿಯಲ್ಲಿ ಕೆಳಗಿದ್ದ. ಮೇಲೆ ಬಂದ ತಾನೇ? ಮುದ್ದೆ ಉಂಡು ಒಳಗೆ ಗೊರಕೆ ಹೊಡೀತಿದ್ದಾನೆ, ಬೀದಿಗೆಲ್ಲ ಕೇಳ್ತಿದೆ. ಸೈರನ್ ಕೂಗಲಿಲ್ಲ, ಯಾರ ಉಗುರೂ ಮುರಿಯಲಿಲ್ಲ. ಸಾವಿಲ್ಲದ ಮನೆಗೆ ಸೂತಕ ಯಾಕಪ್ಪ?

ನನ್ನದೂ ಕೇಳು. ನಿನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನನ್ನನ್ನ ಹೆಗಲ ಮೇಲೆ ಹೊತ್ತರು ಕಣ್ಲಾ. "ಈ ಸ್ಕೂಲ್ ಮೇಷ್ಟ್ರು ಹೊಡೆದರೆ ಚೆಂಡು ಊರಾಚೆ ಬೂದಿಕೋಟೇಲಿ ಹುಡುಕಬೇಕು" ಅಂತಿದ್ದ ಬಾಯಿಗಳೇ ಜೈ ಅಂದವು. ಆ ಹೆಗಲಿಂದ ಇಳಿದು ಹೋಗು ಅಂತೀಯಾ?

ಮತ್ತೆ ನಗ್ತೀಯಾ. ನಗು. "ಸಾರ್, ಅವನಿಗೆ ಗೊತ್ತಾಗಲಿಲ್ಲ" ಅಂತ ಹೇಳು, ಸಾಕು. ಸುಳ್ಳು ಹೇಳು ಅಂತಿಲ್ಲ. ನೀನು ನನ್ನ ಮುಖ ನೋಡೇ ಇಲ್ಲ. ಗೋಲಿನ ಹಿಂದೆ ಶಾಫ್ಟು, ಅದರ ಕಡೆ ನಿನ್ನ ಮುಖ, ನನಗೆ ನಿನ್ನ ಬೆನ್ನು. ನೋಡದೇ ಇದ್ದದ್ದಕ್ಕೆ ಸಾಕ್ಷಿ ಹೇಗೆ ಹೇಳ್ತೀಯಾ?

ಇದರಲ್ಲಿ ನಿನಗೇನೂ ಅವಮಾನ ಇಲ್ಲ. ನಿನ್ನಂಥ ಗೋಲ್‌ಕೀಪರ್ ಈ ಸೀಮೇಲೇ ಇಲ್ಲ, ನನ್ನ ಬಾಯಿಂದಲೇ ಹೇಳ್ತೀನಿ. ಹಳೇ ಬಟ್ಟೆ ಸುತ್ತಿದ ಚೆಂಡಿನ ಕಾಲದಿಂದ ನಿನಗೆ ಹೊಡೀತಿದ್ದೀನಿ, ಒಂದಾದರೂ ಬಿಟ್ಟಿದ್ದೀಯಾ? ನೀನು ಎದುರಿಗೆ ನಿಂತಿರೋವರೆಗೂ ನನ್ನ ಚೆಂಡು ಒಳಗೆ ಹೋಗಲ್ಲ. ಅದು ನನಗೆ ಗೊತ್ತಿಲ್ಲವಾ? ಅದಕ್ಕೇ ಅಲ್ಲವಾ, ನೀನು ಪೂರ್ತಿ ಆ ಕಡೆ ತಿರುಗೋವರೆಗೂ ಚೆಂಡಿನ ಮೇಲೆ ಕಾಲಿಟ್ಟು ಕಾಯ್ತಾ...

ಓಡ್ತಾ ಇದ್ದೆ. ಓಡ್ತಾನೇ ಇದ್ದೆ ನಾನು. ಆಗಲೇ ಹೇಳಿದೆನಲ್ಲ.

ಜರ್ಸಿ ಹಿಂಡು. ನೀರು ಸೋರ್ತಿದೆ, ಹಿಂಡು.

ಆರುಮುಗಂ... ವಿಸಿಲ್ ಊದಿರಲಿಲ್ಲ ಕಣ್ಲಾ.

ಆಗಿಂದ ನಗ್ತಿದ್ದೆಯಲ್ಲ. ಈಗ ಯಾಕೆ ನಿಲ್ಲಿಸಿದೆ?