ಅಜ್ಜಿ ನಗುತ್ತಾ ತೋರಿಸುತ್ತಾರೆ

ಮೂಳೆ ಡಾಕ್ಟರ ಕೋಣೆಯ ಹೊರಗೆ, ಉಳುಕಿದ ಕೈ ಹಿಡಿದು ಕೂತಿದ್ದ ದರ್ಜಿಗೆ ಪಕ್ಕದ ಅಣ್ಣ-ತಂಗಿಯ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅಮ್ಮ ಕೊಳದ ಮೆಟ್ಟಿಲಲ್ಲಿ ಜಾರಿದ್ದಕ್ಕೆ ನನ್ನ ಪುಸ್ತಕ ಏನ್ಮಾಡ್ತು?"

"ಯಾರಿಗೂ ಗೊತ್ತಿಲ್ಲದ ಜಾಗಗಳು ಅಂತ ನಮ್ಮ ಹಿತ್ತಲ ಕೊಳಾನೂ ಬರ್ದ್ಯಲ್ಲ!"

"ಪ್ರವಾಸಿಗರು ಬಂದು ನೋಡ್ಲಿ ಅಂತ ಬರ್ದೆ."

"ಬಾಗಿಲು ತಟ್ಟಿ, ಮನೆ ಅಜ್ಜಿ ನಗುತ್ತಾ ಕರ್ಕೊಂಡು ಹೋಗಿ ತೋರಿಸ್ತಾರೆ ಅಂತಾನೂ ಬರ್ದೆ. ಅಮ್ಮನ್ನ ಒಂದು ಮಾತು ಕೇಳಿದ್ಯಾ?"

"ಅವಳಿಗೆ ಜನ ಅಂದ್ರೆ ಇಷ್ಟ ಕಣೆ."

"ಊಟಕ್ಕೆ ಕೂತಿದ್ರೂ ಏಳ್ಬೇಕು, ಜ್ವರ ಬಂದು ಮಲಗಿದ್ರೂ ಏಳ್ಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ನೀನು!"

"ಮುಂದಿನ ಮುದ್ರಣದಲ್ಲಿ ತೆಗೀತೀನಿ, ಬಿಡು."

"ಹೂಂ, ಅಷ್ಟರಲ್ಲಿ ಇನ್ನೊಂದು ಕಾಲೂ ಮುರೀಲಿ."

ನರ್ಸ್ ಒಳಗಿನಿಂದ ಕರೆದಳು. ಇಬ್ಬರೂ ಎದ್ದರು.

"ನೀನು ಬರ್ಬೇಡ. ಇಲ್ಲೇ ಕೂತು ಈ ಆಸ್ಪತ್ರೆ ಬಗ್ಗೆ ಬರಿ. ದಾರಿ ನಮ್ಮ ಕೊಳದ ಮೆಟ್ಟಿಲಿಂದ ಶುರು ಅಂತ ಹಾಕು."

ತಂಗಿ ಒಳಗೆ ಹೋಗಿ ಅಣ್ಣನ ಮುಖಕ್ಕೇ ಬಾಗಿಲು ಹಾಕಿಕೊಂಡಳು. ಅವನು ತಟ್ಟಿದ. ಮತ್ತೆ ತಟ್ಟಿದ. ನಗುತ್ತಾ ಬಂದು ತೆಗೆಯುವವರು ಯಾರೂ ಇರಲಿಲ್ಲ.